ನೀನು ನೋಡ್ತಾ ಇದ್ರೆ ನನಗೆ ಆಗಲ್ಲ: ‘ಪ್ಯಾಟ್ ಆ್ಯಂಡ್ ಮೈಕ್’ ಸಿನಿಮಾದಿಂದ ಒಂದು ಪಾಠ

ಈ ಸಲದ ಸಿನಿಮಾ ಪಾಠ ನಮ್ಮ ಸರದಿ. ನಾವು ಅಂದ್ರೆ ಎರಡನೇ ವರ್ಷದ ಎಲೆಕ್ಟ್ರಾನಿಕ್ಸ್‌ನ ನಾಲ್ಕು ಜನ. ಬರೆಯೋ ಕೈ ಒಂದು, ಜಗಳ ಆಡಿದ ಬಾಯಿ ನಾಲ್ಕು. ಮೊದಲೇ ಹೇಳಿಬಿಡ್ತೀವಿ, ಎಲ್‌ಕೆಜಿಯಿಂದ ಇಲ್ಲಿಯವರೆಗೆ ಇಂಗ್ಲಿಷ್ ಮೀಡಿಯಂನಲ್ಲೇ ಓದಿದವರು ನಾವು. ಎಲ್ಲಾದ್ರೂ ಒತ್ತಕ್ಷರ ತಪ್ಪಿದ್ರೆ ಸಂಪಾದಕರನ್ನ ಬೈಕೊಳ್ಳಿ.

ಸಿನಿಮಾ ಆರಿಸಿದ್ದು ನಾವಲ್ಲ, ನಮ್ಮ ಕ್ಲಾಸಿನ ಒಬ್ಬ ಗೆಳತಿ. ಶಟಲ್ ಆಡ್ತಾಳೆ, ಚೆನ್ನಾಗಿ ಆಡ್ತಾಳೆ. ಹೆಸರು ಹಾಕಬೇಡಿ ಅಂದಿದ್ದಾಳೆ, ಹಾಗಾಗಿ ಗೆಳತಿ ಅಂತಲೇ ಕರೀತೀವಿ. ‘ಸ್ಪೋರ್ಟ್ಸ್ ಇದೆ, ಕಾಮಿಡಿ ಇದೆ, ಒಂದೂವರೆ ಗಂಟೆ ಅಷ್ಟೇ’ ಅಂತ ಅವಳು ಹೇಳಿದ್ದಕ್ಕೆ ಒಪ್ಕೊಂಡ್ವಿ. ಕಪ್ಪು ಬಿಳುಪು ಅಂತ ಹೇಳಿರಲಿಲ್ಲ. ಹೇಳಿದ್ರೆ ಇಬ್ಬರು ಬರ್ತಿರಲಿಲ್ಲ. ಆ ಇಬ್ಬರೇ ಆಮೇಲೆ ಎರಡನೇ ಸಲ ನೋಡಿದ್ದು.

ಮೊದಲು ಸಿನಿಮಾ ಬಗ್ಗೆ ನಾಲ್ಕು ಮಾತು. ‘ಪ್ಯಾಟ್ ಆ್ಯಂಡ್ ಮೈಕ್’, 1952, ಅಮೆರಿಕದ ಎಂಜಿಎಂ ಸ್ಟುಡಿಯೋದ್ದು. ನಿರ್ದೇಶಕ ಜಾರ್ಜ್ ಕ್ಯೂಕರ್. ಬರೆದವರು ರೂತ್ ಗಾರ್ಡನ್ ಮತ್ತು ಗಾರ್ಸನ್ ಕ್ಯಾನಿನ್, ಗಂಡ ಹೆಂಡತಿ. ಈ ಚಿತ್ರದ ಬರವಣಿಗೆಗೆ ಅವರು ಆಸ್ಕರ್‌ಗೆ ನಾಮನಿರ್ದೇಶನ ಆಗಿದ್ರು. ಪ್ಯಾಟ್ ಆಗಿ ಕ್ಯಾಥರಿನ್ ಹೆಪ್‌ಬರ್ನ್, ಮೈಕ್ ಆಗಿ ಸ್ಪೆನ್ಸರ್ ಟ್ರೇಸಿ. ಈ ಜೋಡಿ ಒಟ್ಟು 9 ಸಿನಿಮಾ ಮಾಡಿದ್ದಾರೆ, ಇದು 7ನೆಯದು.

ಕಥೆ ಸಿಂಪಲ್. ಪ್ಯಾಟ್ ಪೆಂಬರ್ಟನ್ ಕ್ಯಾಲಿಫೋರ್ನಿಯಾದ ಒಂದು ಕಾಲೇಜಿನಲ್ಲಿ ಪಿಟಿ ಟೀಚರ್. ಗಾಲ್ಫ್, ಟೆನಿಸ್, ಏನು ಕೊಟ್ರೂ ಆಡ್ತಾಳೆ, ಯಾರನ್ನ ಬೇಕಾದ್ರೂ ಸೋಲಿಸ್ತಾಳೆ. ಒಂದೇ ಒಂದು ತೊಂದರೆ. ಅವಳನ್ನ ಮದುವೆ ಆಗಬೇಕಾಗಿರೋ ಹುಡುಗ ಕೊಲಿಯರ್ ವೆಲ್ಡ್ ಬಂದು ನಿಂತು ನೋಡಿದ್ರೆ ಸಾಕು, ಕೈಯಲ್ಲಿರೋ ವಿದ್ಯೆ ಎಲ್ಲಾ ಮಂಗಮಾಯ. ಅವನೇನು ಕೆಟ್ಟವನಲ್ಲ, ಬೈಯಲ್ಲ, ಹೊಡೆಯಲ್ಲ. ಅದೇ ಕಾಲೇಜಿನ ಆಡಳಿತದಲ್ಲಿ ಕೆಲಸ, ನೀಟಾದ ಕೋಟು, ನಗುಮುಖ. ಸುಮ್ಮನೆ ನೋಡ್ತಾನೆ, ಅಷ್ಟೇ. ಆ ನೋಟದಲ್ಲಿ ‘ಪಾಪ, ಎಷ್ಟು ಕಷ್ಟಪಡ್ತಿದ್ದಾಳೆ, ಸಾಕು ಮನೆಗೆ ಹೋಗೋಣ ಬಾ’ ಅನ್ನೋದು ಇರತ್ತೆ.

ಶುರುವಿನಲ್ಲೇ ಒಂದು ಸೀನ್ ಇದೆ. ಕಾಲೇಜಿಗೆ ದೊಡ್ಡ ಮೊತ್ತದ ದಾನ ಕೊಡಬಹುದಾದ ಒಬ್ಬ ಸಾಹುಕಾರನ ಜೊತೆ ಕೊಲಿಯರ್ ಮತ್ತು ಪ್ಯಾಟ್ ಗಾಲ್ಫ್ ಆಡಬೇಕು. ಕೊಲಿಯರ್ ಎದುರಿಗಿದ್ದಾನೆ, ಅವಳು ಕೆಟ್ಟದಾಗಿ ಆಡ್ತಾಳೆ. ಆಟ ಮುಗಿದ ಮೇಲೆ ಆ ಸಾಹುಕಾರನ ಹೆಂಡತಿ ಬಿಡದೆ ಉಪದೇಶ ಮಾಡ್ತಾ ಹೋಗ್ತಾಳೆ. ಮೊಣಕೈ ಹೀಗಿಟ್ಟುಕೋ, ತಲೆ ಹಾಗಿಟ್ಟುಕೋ. ಪ್ಯಾಟ್‌ಗೆ ಸಿಟ್ಟು ನೆತ್ತಿಗೇರತ್ತೆ. ಸಾಲಾಗಿ ಇಟ್ಟಿದ್ದ ಚೆಂಡುಗಳನ್ನ ಒಂದಾದ ಮೇಲೆ ಒಂದರಂತೆ, ಉಸಿರು ಬಿಡೋಕೂ ನಿಲ್ಲದೆ, ಟಪ್ ಟಪ್ ಟಪ್ ಅಂತ ದೂರಕ್ಕೆ ಬಾರಿಸಿಬಿಡ್ತಾಳೆ. ಅಷ್ಟೂ ನೇರ. ನಮ್ಮ ಹಾಸ್ಟೆಲ್ ಟಿವಿ ರೂಮಿನಲ್ಲಿ ಆ ಕ್ಷಣಕ್ಕೆ ಶಿಳ್ಳೆ ಬಿತ್ತು. ನಮಗೆ ಗಾಲ್ಫ್ ಅಂದ್ರೆ ಬೆಂಗಳೂರಲ್ಲಿ ಬಸ್ಸಿನ ಕಿಟಕಿಯಿಂದ ಕಂಡ ಹಸಿರು ಹುಲ್ಲು ಮಾತ್ರ, ನಿಯಮ ಒಂದೂ ಗೊತ್ತಿಲ್ಲ. ಆದ್ರೂ ಶಿಳ್ಳೆ ಬಿತ್ತು.

ಇಲ್ಲಿ ಒಂದು ವಿಷಯ ಗಮನಿಸಿ. ಆ ಹೊಡೆತಗಳನ್ನ ಹೊಡೆದದ್ದು ಡೂಪ್ ಅಲ್ಲ, ಹೆಪ್‌ಬರ್ನ್ ಸ್ವತಃ. ಹುಡುಗಿಯಾಗಿದ್ದಾಗಿನಿಂದ ಗಾಲ್ಫ್, ಟೆನಿಸ್ ಆಡಿದವರು ಅವರು. ಕ್ಯೂಕರ್ ಕ್ಯಾಮೆರಾವನ್ನ ದೂರ ಇಟ್ಟು, ತಲೆಯಿಂದ ಕಾಲಿನವರೆಗೆ ಪೂರ್ತಿ ಆಕೃತಿ ಕಾಣೋ ಹಾಗೆ ಹಿಡಿದಿದ್ದಾರೆ. ಈಗಿನ ಸ್ಪೋರ್ಟ್ಸ್ ಸಿನಿಮಾದಲ್ಲಿ ಹೇಗೆ? ಕಾಲಿನ ಕ್ಲೋಸಪ್, ಬೆವರಿನ ಕ್ಲೋಸಪ್, ಸ್ಲೋ ಮೋಷನ್, ಡ್ರಮ್ಮು, ಕಟ್. ನಟಿಗೆ ಬ್ಯಾಟ್ ಹಿಡಿಯೋಕೂ ಬರದಿದ್ರೆ ಎಡಿಟರ್ ನೋಡ್ಕೋತಾರೆ. ಇಲ್ಲಿ ಎಡಿಟರ್‌ಗೆ ಆ ಕೆಲಸವೇ ಇಲ್ಲ. ಇದು ಮುಖ್ಯ, ಯಾಕಂದ್ರೆ ಇಡೀ ಸಿನಿಮಾ ನಿಂತಿರೋದು ‘ಇವಳಿಗೆ ನಿಜವಾಗ್ಲೂ ಬರುತ್ತೆ’ ಅನ್ನೋದರ ಮೇಲೆ. ಬರುತ್ತೆ ಅಂತ ಕಣ್ಣಾರೆ ಕಂಡ ಮೇಲೆ ತಾನೇ, ಕೈಕೊಟ್ಟಾಗ ಹೊಟ್ಟೆ ಚುರ್ ಅನ್ನೋದು.

ಎದುರಾಳಿಗಳೂ ನಿಜದವರೇ. ಅವಳು ಸೇರೋ ಮೊದಲ ದೊಡ್ಡ ಗಾಲ್ಫ್ ಟೂರ್ನಮೆಂಟ್‌ನಲ್ಲಿ ಎದುರಿಗಿರೋದು ಬೇಬ್ ಡಿಡ್ರಿಕ್ಸನ್ ಝಹಾರಿಯಸ್, ತಮ್ಮದೇ ಪಾತ್ರದಲ್ಲಿ. ಈ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ, ನಾಚಿಕೆ ಆಯ್ತು. 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ 80 ಮೀಟರ್ ಹರ್ಡಲ್ಸ್ ಮತ್ತು ಜಾವೆಲಿನ್‌ನಲ್ಲಿ ಚಿನ್ನ, ಹೈಜಂಪ್‌ನಲ್ಲಿ ಬೆಳ್ಳಿ. ಓಟ, ಎಸೆತ, ಜಿಗಿತ, ಮೂರರಲ್ಲೂ ಒಂದೊಂದು ಪದಕ. ಆಮೇಲೆ ಗಾಲ್ಫ್‌ಗೆ ಬಂದು ಅಲ್ಲೂ ರಾಣಿ. 1950ರಲ್ಲಿ ಮಹಿಳೆಯರ ವೃತ್ತಿಪರ ಗಾಲ್ಫ್ ಸಂಘ ಎಲ್‌ಪಿಜಿಎ ಕಟ್ಟಿದ 13 ಜನರಲ್ಲಿ ಇವರೂ ಒಬ್ಬರು. ಅದೇ 13ರಲ್ಲಿದ್ದ ಬೆಟ್ಟಿ ಹಿಕ್ಸ್, ಹೆಲೆನ್ ಡೆಟ್‌ವೈಲರ್ ಕೂಡ ಈ ಸಿನಿಮಾದಲ್ಲಿ ಇದ್ದಾರೆ. ಸಿನಿಮಾ ಬಂದ ಮರುವರ್ಷ ಬೇಬ್‌ಗೆ ಕರುಳಿನ ಕ್ಯಾನ್ಸರ್ ಅಂತ ಗೊತ್ತಾಯ್ತು, ಆಪರೇಷನ್ ಆಯ್ತು. 1954ರಲ್ಲಿ ವಾಪಸ್ ಬಂದು ಯುಎಸ್ ವಿಮೆನ್ಸ್ ಓಪನ್ ಅನ್ನ 12 ಸ್ಟ್ರೋಕ್ ಅಂತರದಲ್ಲಿ ಗೆದ್ದರು. 1956ರಲ್ಲಿ, 45ನೇ ವಯಸ್ಸಿಗೆ ತೀರಿಕೊಂಡರು. ತೆರೆ ಮೇಲೆ ನಗ್ತಾ ಗಾಲ್ಫ್ ಕೋಲು ಬೀಸೋ ಆ ಹೆಂಗಸನ್ನ ಇದೆಲ್ಲಾ ತಿಳ್ಕೊಂಡು ಇನ್ನೊಂದು ಸಲ ನೋಡಿ, ಬೇರೆ ಥರ ಕಾಣ್ತಾರೆ.

ಆ ಫೈನಲ್‌ನಲ್ಲಿ ಪ್ಯಾಟ್ ಕೊನೆಯವರೆಗೂ ಸರಿಸಮ ಆಡ್ತಾಳೆ. ಅಷ್ಟರಲ್ಲಿ ಗುಂಪಿನ ನಡುವೆ ಕೊಲಿಯರ್‌ನ ಮುಖ. ಮುಗೀತು ಕಥೆ. ಕೊನೆಯ ಹೋಲ್‌ನಲ್ಲಿ ಮ್ಯಾಚ್ ಕೈತಪ್ಪಿ ಹೋಗತ್ತೆ.

ಈಗ ಮೈಕ್. ಮೈಕ್ ಕೊನೊವನ್ ನ್ಯೂಯಾರ್ಕಿನ ಒಬ್ಬ ಸ್ಪೋರ್ಟ್ಸ್ ಪ್ರೊಮೋಟರ್. ಸಾಚಾ ಮನುಷ್ಯ ಅಲ್ಲ. ಅವನ ಹತ್ರ ಇರೋದು ಒಂದು ರೇಸ್ ಕುದುರೆ, ಒಬ್ಬ ಪೆದ್ದು ಬಾಕ್ಸರ್, ಮತ್ತು ಬೆನ್ನ ಹಿಂದೆ ದುಡ್ಡು ಹಾಕಿರೋ ಒಂದಷ್ಟು ರೌಡಿ ಪಾಲುದಾರರು. ಪ್ಯಾಟ್‌ಳನ್ನ ಅವನು ಮೊದಲು ಭೇಟಿ ಮಾಡೋದೇ ‘ಫೈನಲ್ ಸೋತುಬಿಡು, ದುಡ್ಡು ಕೊಡ್ತೀವಿ’ ಅಂತ ಕೇಳೋಕೆ. ಅವಳು ಒಪ್ಪಲ್ಲ. ಆದ್ರೆ ಸೋತ ಮೇಲೆ, ಕೊಲಿಯರ್ ಜೊತೆ ರೈಲಿನಲ್ಲಿ ಕೂತಿದ್ದಾಗ ಅವಳಿಗೆ ಏನೋ ಅನ್ಸಿ ಇಳಿದುಬಿಡ್ತಾಳೆ, ಸೀದಾ ಮೈಕ್‌ನ ಆಫೀಸಿಗೆ ಹೋಗ್ತಾಳೆ.

ಈ ರೈಲಿಂದ ಇಳಿಯೋದು ನಮಗೆ ಬಹಳ ಇಷ್ಟ ಆಯ್ತು. ಒಳ್ಳೆ ಹುಡುಗ, ಒಳ್ಳೆ ಕೆಲಸ, ಮದುವೆ ಗೊತ್ತಾಗಿದೆ. ಅಲ್ಲಿಂದ ಇಳಿದು ಲಂಚ ಕೊಡೋಕೆ ಬಂದಿದ್ದ ಮನುಷ್ಯನ ಹತ್ರ ಹೋಗೋದು. ನಮ್ಮ ಮನೆಯವರು ನೋಡಿದ್ರೆ ‘ಬುದ್ಧಿ ಎಲ್ಲಿ ಹೋಗಿತ್ತು ಇವಳಿಗೆ’ ಅಂತಿದ್ರು. ಆದ್ರೆ ಮೈಕ್ ಅವಳನ್ನ ನೋಡೋ ರೀತಿ ಬೇರೆ. ಅವನಿಗೆ ಅವಳು ಕುದುರೆ ಥರ, ಓಡಿದ್ರೆ ದುಡ್ಡು. ಕೇಳೋಕೆ ಅಸಹ್ಯ, ಆದ್ರೆ ಯೋಚನೆ ಮಾಡಿ: ಅವಳು ಗೆಲ್ಲಬೇಕು ಅಂತ ನಿಜವಾಗ್ಲೂ ಬಯಸೋ ಮೊದಲನೇ ಮನುಷ್ಯ ಅವನೇ. ಕುದುರೆಗೆ ಹಾಕೋ ಹಾಗೆ ಅವಳಿಗೂ ಊಟ, ನಿದ್ದೆ, ಸಿಗರೇಟು, ಎಲ್ಲಕ್ಕೂ ನಿಯಮ ಹಾಕ್ತಾನೆ. ಅವನ ಇಂಗ್ಲಿಷ್ ಬೀದಿ ಇಂಗ್ಲಿಷ್, ಅವಳದು ಓದಿದವರ ಇಂಗ್ಲಿಷ್. ಆ ಎರಡರ ತಿಕ್ಕಾಟದಲ್ಲೇ ಅರ್ಧ ಕಾಮಿಡಿ. ಸಬ್‌ಟೈಟಲ್ ಹಾಕ್ಕೊಂಡು ನೋಡಿ, ನಾಚಿಕೆ ಬೇಡ, ನಾವೂ ಹಾಕ್ಕೊಂಡ್ವಿ. ಮತ್ತೆ ಅವನ ಮಂತ್ರ ಒಂದೇ: ಫಿಫ್ಟಿ ಫಿಫ್ಟಿ. ಯಾವುದೇ ವ್ಯವಹಾರ ಆಗಲಿ, ಸಂಬಂಧ ಆಗಲಿ, ಅರ್ಧ ನಿಂದು ಅರ್ಧ ನಂದು.

ಅಂಥ ಒಪ್ಪಂದ ಆದ ಮೇಲೂ ಕೊಲಿಯರ್‌ನ ಕಾಟ ತಪ್ಪಲ್ಲ. ನಮ್ಮ ಪ್ರಕಾರ ಸಿನಿಮಾದ ಜೀವ ಇರೋದು ಟೆನಿಸ್ ಸೀನ್‌ನಲ್ಲಿ. ಎದುರಾಳಿ ಗಸ್ಸಿ ಮೊರನ್, ಇವರೂ ನಿಜದ ಆಟಗಾರ್ತಿ. 1949ರ ವಿಂಬಲ್ಡನ್‌ನಲ್ಲಿ ಸ್ಕರ್ಟಿನ ಒಳಗಿನ ಉಡುಪಿಗೆ ಲೇಸ್ ಅಂಚು ಹಾಕ್ಕೊಂಡು ಆಡಿದ್ರು ಅನ್ನೋದಕ್ಕೆ ಪೇಪರಿನವರೆಲ್ಲಾ ಮುಗಿಬಿದ್ದಿದ್ರಂತೆ. ಫೋಟೋಗ್ರಾಫರ್‌ಗಳು ನೆಲದ ಮೇಲೆ ಮಲಗಿ ಫೋಟೋ ತೆಗೆದ ಕಥೆ ಇದೆ. ಆಟ ಬಿಟ್ಟು ಮಿಕ್ಕಿದ್ದೆಲ್ಲಾ ನೋಡೋ ಕಣ್ಣುಗಳು ಹೇಗಿರ್ತವೆ ಅಂತ ಅವರಿಗಿಂತ ಚೆನ್ನಾಗಿ ಗೊತ್ತಿದ್ದವರು ಆಗ ಕಡಿಮೆ. ಅಂಥವರನ್ನೇ ಈ ಸೀನ್‌ಗೆ ಹಾಕಿದ್ದು ಬೇಕಂತಲೋ ಅಕಸ್ಮಾತ್ತೋ, ಸರಿಯಾಗಿ ಕೂತಿದೆ.

ಪ್ಯಾಟ್ ಚೆನ್ನಾಗಿ ಆಡ್ತಿರ್ತಾಳೆ. ಸ್ಟ್ಯಾಂಡಿನಲ್ಲಿ ಕೊಲಿಯರ್ ಬಂದು ಕೂರ್ತಾನೆ. ಅಲ್ಲಿಂದ ಕ್ಯಾಮೆರಾ ಅವಳ ತಲೆಯೊಳಗೆ ಹೋಗತ್ತೆ. ನೆಟ್ ಎತ್ತರ ಆಗ್ತಾ ಹೋಗತ್ತೆ, ಗೋಡೆಯಷ್ಟು. ಎದುರಾಳಿಯ ರಾಕೆಟ್ ದೊಡ್ಡ ಮೊರದಷ್ಟಾಗತ್ತೆ. ಅವಳ ಕೈಯಲ್ಲಿರೋದು ಚಿಕ್ಕದಾಗ್ತಾ ಆಗ್ತಾ ಆಟಿಕೆ ಸಾಮಾನಿನಷ್ಟಾಗತ್ತೆ. ಕಂಪ್ಯೂಟರ್ ಗ್ರಾಫಿಕ್ಸ್ ಇಲ್ಲದ ಕಾಲ. ಇವತ್ತಿನ ಕಣ್ಣಿಗೆ ಆ ಟ್ರಿಕ್ ಬಾಲಿಶ ಅನ್ಸಬಹುದು, ನಾವೂ ಮೊದಲು ನಕ್ವಿ. ನಗದೇ ಇದ್ದವಳು ಗೆಳತಿ ಒಬ್ಬಳೇ. ಸ್ಪೇಸ್ ಬಾರ್ ಒತ್ತಿ ನಿಲ್ಲಿಸಿದಳು. ‘ಇದು ಸುಳ್ಳಲ್ಲ ಕಣ್ರೋ, ಹಿಂಗೇ ಕಾಣೋದು,’ ಅಂದಳು. ಆಮೇಲೆ ಇನ್ನೊಂದು ಮಾತು ಅಂದಳು, ಅದಕ್ಕೆ ಆಮೇಲೆ ಬರ್ತೀವಿ.

ಈಗ ನಮ್ಮ ಸಬ್ಜೆಕ್ಟಿಗೆ ಬರೋಣ, ಎಷ್ಟಾದ್ರೂ ಇದು ಪಾಠ ತಾನೇ. ಕಳೆದ ಸೆಮಿಸ್ಟರ್‌ನ ಲ್ಯಾಬ್‌ನಲ್ಲಿ ನಮಗೊಂದು ಅವಮಾನ ಆಗಿತ್ತು. ಬ್ರೆಡ್‌ಬೋರ್ಡ್ ಮೇಲೆ ಎರಡು 100 ಕಿಲೋ ಓಮ್ ರೆಸಿಸ್ಟರ್ ಸೀರೀಸ್‌ನಲ್ಲಿ, ಸಪ್ಲೈ 12 ವೋಲ್ಟ್. ಒಂದರ ಅಡ್ಡಲಾಗಿ ಎಷ್ಟಿರಬೇಕು? ಪಿಯುಸಿ ಮಕ್ಕಳೂ ಹೇಳ್ತಾರೆ, 6 ವೋಲ್ಟ್. ಹಳೇ ಮುಳ್ಳಿನ ಮಲ್ಟಿಮೀಟರ್ ಇಟ್ಟು ನೋಡಿದ್ರೆ 4.8. ರೆಸಿಸ್ಟರ್ ಬದಲಾಯಿಸಿದ್ವಿ, 4.8. ವೈರ್ ಬದಲಾಯಿಸಿದ್ವಿ, 4.8. ಬೋರ್ಡನ್ನೇ ಬದಲಾಯಿಸಿದ್ವಿ. ಎಕ್ಸ್‌ಟರ್ನಲ್ ಬಂದು ‘ಏನ್ರಪ್ಪಾ, ಎರಡು ರೆಸಿಸ್ಟರ್ ಕನೆಕ್ಟ್ ಮಾಡೋಕೆ ಬರಲ್ವಾ’ ಅಂದ್ರು. ಬಾಯಿ ಒಣಗಿಹೋಯ್ತು.

ಸರ್ಕ್ಯೂಟ್ ಸರಿಯಾಗೇ ಇತ್ತು. ತಪ್ಪಿದ್ದು ಮೀಟರ್‌ನಲ್ಲಿ, ಅಥವಾ ಮೀಟರ್ ಇಟ್ಟ ನಮ್ಮಲ್ಲಿ. ಆ ಮೀಟರ್ ಒಂದು ವೋಲ್ಟಿಗೆ 20 ಕಿಲೋ ಓಮ್‌ನದ್ದು. 10 ವೋಲ್ಟ್ ರೇಂಜ್‌ನಲ್ಲಿ ಇಟ್ರೆ ಅದರ ಒಳಗಿನ ರೆಸಿಸ್ಟೆನ್ಸ್ 200 ಕಿಲೋ ಓಮ್. ಅದು ನಮ್ಮ 100 ಕಿಲೋ ಓಮ್‌ಗೆ ಪ್ಯಾರಲಲ್ ಬಂದು ಕೂತಿತು. ಎರಡೂ ಸೇರಿ ಸುಮಾರು 66.7 ಆಯ್ತು. ಈಗ 12ನ್ನ 100 ಮತ್ತು 66.7ರ ನಡುವೆ ಹಂಚಿ, 4.8 ಬರುತ್ತೆ. ಮುಳ್ಳು ತಿರುಗೋಕೆ ಬೇಕಾದ ಕರೆಂಟನ್ನ ಮೀಟರ್ ಸರ್ಕ್ಯೂಟಿನಿಂದಲೇ ಕುಡೀತಿತ್ತು. ಅದೇ ಜಾಗದಲ್ಲಿ 10 ಮೆಗಾ ಓಮ್‌ನ ಡಿಜಿಟಲ್ ಮೀಟರ್ ಇಟ್ಟಿದ್ರೆ 5.97 ತೋರಿಸ್ತಿತ್ತು, ಎಲ್ಲರೂ ಖುಷಿ. ಇದಕ್ಕೆ ಲೋಡಿಂಗ್ ಎಫೆಕ್ಟ್ ಅಂತಾರೆ, ಇಂಟರ್ನಲ್ಸ್‌ನಲ್ಲಿ ಗ್ಯಾರಂಟಿ ಬರೋ ಪ್ರಶ್ನೆ. ಅಳೆಯೋಕೆ ಬಂದ ಉಪಕರಣ ಅಳೆಯಬೇಕಾದ್ದನ್ನೇ ಕೆಳಗೆ ಎಳೆದು, ಆಮೇಲೆ ‘ನೋಡಿ, ಕಡಿಮೆ ಇದೆ’ ಅಂತ ರೀಡಿಂಗ್ ಕೊಡೋದು.

ಕೊಲಿಯರ್ ಇದೇ ಮುಳ್ಳಿನ ಮೀಟರ್. ಅವನು ನೋಡಿದಾಗಲೆಲ್ಲಾ ಅವಳು 4.8. ಅವನ ಪ್ರಕಾರ ಅವನ ಅಭಿಪ್ರಾಯ ಸುಳ್ಳಲ್ಲ, ಯಾಕಂದ್ರೆ ಪ್ರತಿ ಸಲ ಅವನ ಕಣ್ಣಿಗೆ ಕಂಡದ್ದೇ ಅದು. ಅವನು ಇಲ್ಲದಾಗ ಅವಳು 6 ಅನ್ನೋದನ್ನ ನೋಡೋಕೆ ಅವನಿಗೆ ದಾರಿಯೇ ಇಲ್ಲ. ನಮ್ಮಲ್ಲಿ ಒಬ್ಬ ಈ ಹೋಲಿಕೆಗೆ ಒಪ್ಪಲಿಲ್ಲ. ಗಾಲ್ಫ್ ಮೈದಾನದಲ್ಲಿ ಅಷ್ಟೊಂದು ಜನ ನೋಡ್ತಿದ್ರಲ್ಲ, ಅವರೆಲ್ಲಾ ಮೀಟರ್ ಅಲ್ವಾ, ಅವರ ಮುಂದೆ ಯಾಕೆ ಚೆನ್ನಾಗಿ ಆಡಿದಳು ಅಂತ ಅವನ ವಾದ. ಒಳ್ಳೆ ಪ್ರಶ್ನೆ. ಹುಡುಕಿಕೊಂಡು ಹೋದ್ವಿ.

ರಾಬರ್ಟ್ ಝಾಯೊನ್ಸ್ ಅನ್ನೋ ಮನೋವಿಜ್ಞಾನಿ 1965ರಲ್ಲಿ ಹೇಳಿದ್ದು: ನೋಡೋರು ಇದ್ರೆ, ಚೆನ್ನಾಗಿ ರೂಢಿ ಆಗಿರೋ ಕೆಲಸ ಇನ್ನೂ ಚೆನ್ನಾಗಿ ಆಗತ್ತೆ, ಇನ್ನೂ ಕಲೀತಿರೋ ಕೆಲಸ ಕೆಡತ್ತೆ. 1969ರಲ್ಲಿ ಅವರ ತಂಡ ಇದನ್ನ ಜಿರಳೆಗಳ ಮೇಲೂ ಪ್ರಯೋಗ ಮಾಡಿತು. ಹೌದು, ಜಿರಳೆ. ನೇರ ದಾರಿಯಲ್ಲಿ ಓಡೋ ಜಿರಳೆ, ಪಕ್ಕದಲ್ಲಿ ಬೇರೆ ಜಿರಳೆಗಳು ಪ್ರೇಕ್ಷಕರಾಗಿ ಇದ್ದಾಗ ಬೇಗ ಓಡಿತು. ತಿರುವಿನ ದಾರಿಯಲ್ಲಿ ನಿಧಾನ ಆಯ್ತು. ನಮ್ಮ ಹಾಸ್ಟೆಲ್ ಮೆಸ್‌ನಲ್ಲಿ ಈ ಪ್ರಯೋಗಕ್ಕೆ ಸ್ವಯಂಸೇವಕರಿಗೆ ಬರ ಇಲ್ಲ. ಈ ಲೆಕ್ಕದಲ್ಲಿ ಪ್ಯಾಟ್‌ಗೆ ಜನ ಕಂಡ್ರೆ ಆಟ ಏರಬೇಕು, ಏರತ್ತೆ ಕೂಡ. ಹಾಗಾದ್ರೆ ಕೊಲಿಯರ್ ಒಬ್ಬ ಬಂದಾಗ ಯಾಕೆ ಇಳಿಯತ್ತೆ?

ಅದಕ್ಕೆ ಉತ್ತರ ಸಿಕ್ಕಿದ್ದು ಸಿಯಾನ್ ಬೈಲಾಕ್ ಮತ್ತು ಥಾಮಸ್ ಕಾರ್ ಅವರ 2001ರ ಅಧ್ಯಯನದಲ್ಲಿ. ವಿಚಿತ್ರ ಅಂದ್ರೆ ಅದೂ ಗಾಲ್ಫ್‌ನದ್ದೇ, ಚೆಂಡನ್ನ ಮೆಲ್ಲಗೆ ಕುಳಿಗೆ ತಳ್ಳೋ ಪಟ್ ಅನ್ನೋ ಹೊಡೆತದ ಮೇಲೆ. ಅವರ ಪ್ರಕಾರ, ಪಳಗಿದ ಕೈ ಕೆಲಸ ಮಾಡೋವಾಗ ತಲೆ ಅದರ ಒಂದೊಂದು ಹೆಜ್ಜೆಯನ್ನ ನೋಡ್ತಿರಲ್ಲ. ಒತ್ತಡ ಬಂದಾಗ ಮನುಷ್ಯ ತನ್ನನ್ನ ತಾನೇ ನೋಡ್ಕೊಳ್ಳೋಕೆ ಶುರು ಮಾಡ್ತಾನೆ: ಮಣಿಕಟ್ಟು ಸರಿ ಇದೆಯಾ, ಮೊಣಕಾಲು ಬಾಗಿದೆಯಾ. ಹರಿಯೋ ನೀರಿಗೆ ಕೈ ಅಡ್ಡ ಇಟ್ಟ ಹಾಗೆ. ಮೆಟ್ಟಿಲು ಇಳಿಯೋವಾಗ ಯಾವ ಕಾಲು ಮುಂದೆ ಅಂತ ಯೋಚನೆ ಮಾಡಿ ನೋಡಿ, ಮುಗ್ಗರಿಸ್ತೀರ. ಪ್ಯಾಟ್ ವಿಷಯದಲ್ಲಿ ಜನಸಂದಣಿ ಚೆಂಡನ್ನ ನೋಡ್ತಾ ಇರತ್ತೆ, ಅವಳೂ ಚೆಂಡನ್ನೇ ನೋಡ್ತಾಳೆ. ಕೊಲಿಯರ್ ನೋಡೋದು ಅವಳನ್ನ. ಆಗ ಅವಳೂ ತನ್ನನ್ನೇ ನೋಡ್ಕೊಳ್ಳೋಕೆ ಶುರು ಮಾಡ್ತಾಳೆ, ಅದೂ ಅವನ ಕಣ್ಣಿನಿಂದ. ಹಾಗಾಗಿ ನಮ್ಮ ಗೆಳೆಯನ ಆಕ್ಷೇಪಕ್ಕೆ ಉತ್ತರ: ಮೀಟರ್ ಎಲ್ಲವೂ ಒಂದೇ ಅಲ್ಲ. ಕೆಲವು 10 ಮೆಗಾ ಓಮ್.

ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಇದೆ. ಅಭ್ಯಾಸ ಮಾಡೋವಾಗಲೇ ವಿಡಿಯೋ ಕ್ಯಾಮೆರಾ ಎದುರಿಟ್ಟುಕೊಂಡು ಕಲಿತವರು, ಆಮೇಲೆ ಒತ್ತಡದಲ್ಲಿ ಕುಸಿಯಲಿಲ್ಲ. ನೋಟಕ್ಕೂ ರೂಢಿ ಆಗ್ಬೇಕು, ಹೊಡೆತಕ್ಕೆ ಆದ ಹಾಗೆ.

ಸಿನಿಮಾಗೆ ವಾಪಸ್. ಮೈಕ್‌ನನ್ನ ದೇವರು ಮಾಡೋಕೆ ನಾವು ರೆಡಿ ಇಲ್ಲ. ತನ್ನ ಬಾಕ್ಸರ್‌ಗೆ ಅವನು ಬಾಯಿಪಾಠ ಮಾಡಿಸಿರೋ ಮೂರು ಪ್ರಶ್ನೆ ಇವೆ. ನಿನ್ನನ್ನ ತಯಾರು ಮಾಡಿದ್ದು ಯಾರು? ನೀನೇ ಮೈಕ್. ನಿನ್ನಲ್ಲಿ ದೊಡ್ಡ ಪಾಲು ಯಾರದ್ದು? ನಿಂದೇ. ನಾನು ಕೈಬಿಟ್ರೆ ಏನಾಗತ್ತೆ? ಚರಂಡಿ ಪಾಲಾಗ್ತೀನಿ, ಅಲ್ಲೇ ಬಿದ್ದಿರ್ತೀನಿ. ಥಿಯೇಟರಿನಲ್ಲಿ ಇದಕ್ಕೆ ಜನ ನಕ್ಕಿರಬೇಕು. ನಮಗೆ ನಗು ಬಂದ ಕೂಡಲೇ ನಿಂತಿತು. ಒಬ್ಬ ನಿನ್ನನ್ನ ಕೆಳಗೆ ಎಳೀತಾನೆ, ಇನ್ನೊಬ್ಬ ಮೇಲೆ ಎತ್ತಿ ‘ನೀನು ನಂದು’ ಅಂತಾನೆ. ಪಾಪ ಪ್ಯಾಟ್ ಎಲ್ಲಿಗೆ ಹೋಗಬೇಕು?

ಇದಕ್ಕೆ ಉತ್ತರ ಕೊಡೋಕೆ ಸಿನಿಮಾ ಒಂದು ಹೊಡೆದಾಟ ಇಟ್ಟಿದೆ. ಮೈಕ್ ಈಗ ಬದಲಾಗಿದ್ದಾನೆ, ಅವಳನ್ನ ಬೇಕಂತ ಸೋಲಿಸೋಕೆ ಒಪ್ಪಲ್ಲ. ರೌಡಿ ಪಾಲುದಾರರು ಅವನಿಗೆ ನಾಲ್ಕು ಬಿಗಿಯೋಕೆ ಬರ್ತಾರೆ. ಅವರಲ್ಲಿ ಒಬ್ಬ ಚಾರ್ಲ್ಸ್ ಬ್ರಾನ್ಸನ್, ಆಗಿನ್ನೂ ಬುಕಿನ್‌ಸ್ಕಿ ಅನ್ನೋ ತಮ್ಮ ಸ್ವಂತ ಹೆಸರಿನಲ್ಲೇ ನಟಿಸ್ತಿದ್ದವರು. ಮುಂದೆ ದೊಡ್ಡ ಆ್ಯಕ್ಷನ್ ಹೀರೋ ಆದ ಆ ಮನುಷ್ಯನನ್ನ ಪ್ಯಾಟ್ ಒಬ್ಬಳೇ ಮಕಾಡೆ ಮಲಗಿಸ್ತಾಳೆ. ಆಮೇಲೆ ಪೊಲೀಸ್ ಸ್ಟೇಷನ್‌ನಲ್ಲಿ ‘ಹೇಗೆ ಹೊಡೆದೆ ತೋರಿಸು’ ಅಂದಾಗ ಇನ್ನೊಂದು ಸಲ ತೋರಿಸ್ತಾಳೆ. ಅಲ್ಲಿನ ಪೊಲೀಸ್ ಕ್ಯಾಪ್ಟನ್ ಚಕ್ ಕಾನರ್ಸ್, ಅವರೂ ನಿಜ ಜೀವನದಲ್ಲಿ ವೃತ್ತಿಪರ ಬೇಸ್‌ಬಾಲ್, ಬ್ಯಾಸ್ಕೆಟ್‌ಬಾಲ್ ಆಡಿದವರು. ಈ ಸಿನಿಮಾದಲ್ಲಿ ಆಟ ಬರದೇ ಇರೋರೇ ಕಡಿಮೆ.

ಈಗ ಮೈಕ್‌ಗೆ ಖುಷಿ ಆಗಬೇಕಿತ್ತು, ಜೀವ ಉಳೀತು. ಅವನಿಗೆ ಮುಖ ಬಾಡತ್ತೆ. ಕಾಪಾಡಬೇಕಾದವನು ನಾನು, ನೀನ್ಯಾಕೆ ನನ್ನನ್ನ ಕಾಪಾಡಿದೆ ಅಂತ. ಫಿಫ್ಟಿ ಫಿಫ್ಟಿ ಅಂತ ಹೇಳ್ತಿದ್ದವನಿಗೆ ತನ್ನ ಪಾಲಿನ ಅರ್ಧ ಬಂದಾಗ ಗಂಟಲಲ್ಲಿ ಇಳಿಯಲ್ಲ. ಈ ಜಾಗ ನಮಗೆ ಅತಿ ಪ್ರಾಮಾಣಿಕ ಅನ್ಸಿತು. ಆದ್ರೆ ಆಮೇಲೆ ಪ್ಯಾಟ್ ಅವನ ಸ್ವಾಭಿಮಾನ ರಿಪೇರಿ ಮಾಡೋಕೆ ಸ್ವಲ್ಪ ಅಬಲೆಯ ಹಾಗೆ ನಟಿಸ್ತಾಳೆ. ಇಲ್ಲಿ ಇಬ್ಬರು ಹುಡುಗಿಯರು ಒಂದೇ ಸಲ ‘ಅಯ್ಯೋ’ ಅಂದ್ರು. 1952ರ ಹಾಲಿವುಡ್ ಅಲ್ಲಿಗೇ ನಿಂತಿತು, ಇನ್ನೊಂದು ಹೆಜ್ಜೆ ಇಡಲಿಲ್ಲ ಅನ್ನೋದು ನಮ್ಮ ದೂರು. ಒಬ್ಬನ ವಾದ ಬೇರೆ: ಅವಳು ನಟಿಸ್ತಿದ್ದಾಳೆ ಅಂತ ನಮಗೆ ಗೊತ್ತಾಗೋ ಹಾಗೆ ತೋರಿಸಿದ್ದಾರಲ್ಲ, ಅದೇ ಇನ್ನೊಂದು ಹೆಜ್ಜೆ. ಈ ಜಗಳ ಇನ್ನೂ ಮುಗಿದಿಲ್ಲ.

ಕೊನೆಯ ಗಾಲ್ಫ್ ಟೂರ್ನಮೆಂಟ್‌ಗೆ ಕೊಲಿಯರ್ ಮತ್ತೆ ಬರ್ತಾನೆ, ನೋಡ್ತಾನೆ. ಈ ಸಲ ಅವಳ ಕೈ ನಡುಗಲ್ಲ. ಆಮೇಲೆ ಆ ಮೂರು ಪ್ರಶ್ನೆಗಳ ಆಟ ಮತ್ತೆ ಬರುತ್ತೆ. ಕೊನೆಯ ಉತ್ತರ ಮಾತ್ರ ಬದಲಾಗಿದೆ. ಕೈಬಿಟ್ರೆ ಏನಾಗತ್ತೆ ಅಂದ್ರೆ, ನಿನ್ನನ್ನೂ ಎಳ್ಕೊಂಡೇ ಬೀಳ್ತೀನಿ ಅನ್ನೋ ಅರ್ಥದ ಮಾತು ಅವಳ ಬಾಯಲ್ಲಿ. ಹಾಡಿಲ್ಲ, ಮಳೆ ಇಲ್ಲ, ಗುಲಾಬಿ ಇಲ್ಲ. ನಾವು ನೋಡಿದ ಪ್ರಪೋಸಲ್‌ಗಳಲ್ಲಿ ಇದು ಟಾಪ್.

ಇನ್ನು ಟೆನಿಸ್ ಸೀನ್ ನಿಲ್ಲಿಸಿದಾಗ ಗೆಳತಿ ಅಂದ ಆ ಎರಡನೇ ಮಾತು. ‘ನನಗೆ ನಾಲ್ಕು ಜನ ಕೊಲಿಯರ್ ಇದ್ದೀರ.’

ನಕ್ಕು ಹೇಳಿದಳು, ಆದ್ರೆ ತಮಾಷೆಗಲ್ಲ. ಕಳೆದ ವರ್ಷ ಅವಳ ಮೂರು ಮ್ಯಾಚಿಗೆ ನಾವು ಸಪೋರ್ಟ್ ಮಾಡೋಕೆ ಅಂತ ಹೋಗಿದ್ವಿ. ಮೊದಲ ಸಾಲಿನಲ್ಲೇ ಕೂತಿದ್ವಿ. ಪಾಯಿಂಟ್ ಹೋದಾಗೆಲ್ಲಾ ‘ಪರ್ವಾಗಿಲ್ಲ ಬಿಡೇ’ ಅಂದ್ವಿ. ಸರ್ವ್ ಮಾಡೋ ಮುಂಚೆ ‘ನೆಟ್‌ಗೆ ಹೊಡೀಬೇಡ’ ಅಂದ್ವಿ. ಒಬ್ಬ ವಿಡಿಯೋ ಮಾಡಿ ಅವಳು ಎಡವಿದ್ದನ್ನ ಗ್ರೂಪಿಗೆ ಹಾಕಿ ಸ್ಟಿಕರ್ ಮಾಡಿದ. ಮೂರೂ ಸೋತಳು. ನಾವು ಅವಳನ್ನ ‘ಪ್ರಾಕ್ಟೀಸ್‌ನಲ್ಲಿ ಹುಲಿ, ಮ್ಯಾಚ್‌ನಲ್ಲಿ ಇಲಿ’ ಅಂತ ಕರೀತಿದ್ವಿ. ನಮಗೆ ಅದು ಪ್ರೀತಿಯ ಅಡ್ಡಹೆಸರು. ನಾವು ಕಂಡದ್ದು ಬರೀ 4.8, ಅಷ್ಟೇ. ಈ ಸೆಮಿಸ್ಟರ್ ಅವಳು ಟೀಮಿಗೆ ಹೆಸರೇ ಕೊಟ್ಟಿರಲಿಲ್ಲ. ಅಟೆಂಡೆನ್ಸ್ ಕಾರಣ ಅಂದಿದ್ದಳು, ನಾವು ನಂಬಿದ್ವಿ.

ಆ ರಾತ್ರಿ ಸಿನಿಮಾ ಮುಗಿದ ಮೇಲೆ ತುಂಬಾ ಹೊತ್ತು ಯಾರೂ ಏಳಲಿಲ್ಲ. ಸಾರಿ ಕೇಳಿದ್ವಿ. ‘ಸಾರಿ ಬೇಡ, ಸ್ಟಿಕರ್ ಡಿಲೀಟ್ ಮಾಡ್ರೋ ಮೊದಲು,’ ಅಂದಳು. ಮಾಡಿದ್ವಿ. ಒಂದು ವಾರ ಬಿಟ್ಟು ಹೆಸರು ಕೊಟ್ಟಳು. ಇಂಟರ್ ಕಾಲೇಜ್ ಮ್ಯಾಚ್ ದಿನ ಅವಳು ಹೇಳಿದ ಹಾಗೆ ಒಳಗೆ ಹೋಗಲಿಲ್ಲ, ಸ್ಟೇಡಿಯಂ ಗೇಟಿನ ಹತ್ರ ಚಹಾ ಅಂಗಡಿಯಲ್ಲಿ ಕೂತಿದ್ವಿ. ಒಳಗಿಂದ ಶೂ ಕಿರುಗುಟ್ಟೋ ಸದ್ದು, ಚಪ್ಪಾಳೆ ಕೇಳ್ತಿತ್ತು. ಯಾರಿಗೆ ಬಿದ್ದ ಚಪ್ಪಾಳೆ ಅಂತ ಗೊತ್ತಾಗ್ತಿರಲಿಲ್ಲ. ಅಷ್ಟು ಟೆನ್ಶನ್ ರಿಸಲ್ಟ್ ದಿನವೂ ಆಗಿರಲಿಲ್ಲ. ಮೊದಲ ಎರಡು ರೌಂಡ್ ಗೆದ್ದಳು. ಮೂರನೆಯದರಲ್ಲಿ ಕೊನೆ ಗೇಮ್ 21-18ಕ್ಕೆ ಸೋತು ಹೊರಗೆ ಬಂದಳು. ಮುಖ ಕೆಂಪಾಗಿತ್ತು, ಹಸಿವಾಗಿತ್ತು, ಮೂರು ಬನ್ ತಿಂದಳು. ಎದುರಾಳಿ ನಿಜವಾಗ್ಲೂ ಚೆನ್ನಾಗಿ ಆಡಿದಳು, ಇದು ನನ್ನ ಸೋಲು, ಬೇರೆ ಯಾರದ್ದೂ ಅಲ್ಲ ಅಂತ ಹತ್ತು ನಿಮಿಷ ಒಂದೇ ಸಮನೆ ವಿವರಿಸಿದಳು. ಸೋತಿದ್ದನ್ನ ಅಷ್ಟು ಜೋಶ್‌ನಲ್ಲಿ ಹೇಳಿದವರನ್ನ ನಾವು ನೋಡಿರಲಿಲ್ಲ.

ಬೈಲಾಕ್ ಅವರ ಕ್ಯಾಮೆರಾ ಪ್ರಯೋಗದ ವಿಷಯ ಅವಳಿಗೂ ಹೇಳಿದ್ವಿ. ಸ್ವಲ್ಪ ಯೋಚನೆ ಮಾಡಿ ಒಂದು ಷರತ್ತು ಹಾಕಿದಳು. ನಾಳೆಯಿಂದ ಪ್ರಾಕ್ಟೀಸ್‌ಗೆ ಇಬ್ಬರಿಬ್ಬರಾಗಿ ಬರಬೇಕಂತೆ, ಲೈನಿನ ಪಕ್ಕ ನಿಂತು ಸ್ಕೋರ್ ಹೇಳಬೇಕಂತೆ, ಸ್ಕೋರ್ ಬಿಟ್ಟು ಬೇರೆ ಒಂದು ಮಾತೂ ಆಡಬಾರದಂತೆ. ಬೆಳಗ್ಗೆ ಆರೂವರೆಗೆ. ನಮ್ಮಲ್ಲಿ ಯಾರೂ ಎಂಟಕ್ಕಿಂತ ಮುಂಚೆ ಎದ್ದ ದಾಖಲೆ ಇಲ್ಲ. ನಾಲ್ಕು ಫೋನಿನಲ್ಲೂ ಅಲಾರಂ ಇಟ್ಟಿದ್ದೀವಿ.